ಸ್ಟಾರ್ಟರಿನ ತಳದ ತೂತು

ಬೆಣ್ಣಿಹಳ್ಳ ಎರಡು ಸೀಳಾಗಿ ಹರಿಯುವಲ್ಲಿ, ನಡುವಿನ ದಿಬ್ಬದ ಮೇಲೆ ಜೀಪು ನಿಂತು ಅರ್ಧ ತಾಸಾಗಿತ್ತು. ಹಿಂದಿನ ಸೀಳನ್ನು ದಾಟಿ ಬರುತ್ತಲೇ ಅಲ್ಲಿ ನೀರು ಏರಿತ್ತು. ಮುಂದಿನದಕ್ಕೆ ಇಳಿಯುವ ಮೊದಲೇ ಅಲ್ಲೂ ಏರಿತ್ತು. ಜೀಪಿನ ಹಿಂಭಾಗದಲ್ಲಿ ಹೊಲದಲ್ಲಿ ಹೆಸರುಕಾಯಿ ಬಿಡಿಸಿ ಬಂದ ಆರು ಜನ ಹೆಂಗಸರು. ಸ್ಟೇರಿಂಗ್ ಮುಂದೆ ಜೀಪಿನ ಮಾಲೀಕ ಹನಮಂತಪ್ಪ. ಅವನ ಬಾಜು ಮೊರಬದ ಗ್ಯಾರೇಜಿನ ಸಂಗನಬಸವ. ಯಾರದೋ ಹೊಲದಲ್ಲಿ ಕೆಟ್ಟು ನಿಂತ ಟ್ರ್ಯಾಕ್ಟರನ್ನು ರಿಪೇರಿ ಮಾಡಿ, ಬೋಲ್ಟು ಬಿಚ್ಚುವ ಪಾನಾಗಳ ಚೀಲದೊಂದಿಗೆ ದಾರಿಯಲ್ಲಿ ಹತ್ತಿಕೊಂಡಿದ್ದ.

ಮೇಲಿನ ಊರಿನಿಂದ ಫೋನು ಬಂದಿತ್ತು. ಕುಂದಗೋಳದ ಕಡೆ ಮತ್ತೆ ಜೋರು ಮಳೆ, ಸಂಜೆಯೊಳಗೆ ಇನ್ನೊಂದು ನೀರು ಬರುತ್ತದೆ, ಆಗ ದಿಬ್ಬವೂ ಉಳಿಯುವುದಿಲ್ಲ. ಅದಕ್ಕೂ ಮೊದಲು ಮುಂದಿನ ಸೀಳು ಒಂದಿಷ್ಟು ಇಳಿಯಬೇಕು, ಇಳಿದ ಗಳಿಗೆಯಲ್ಲಿ ಜೀಪು ದಾಟಿಬಿಡಬೇಕು. ನಡೆದು ದಾಟುವ ಮಾತೇ ಇರಲಿಲ್ಲ. ಸೆಳೆತಕ್ಕೆ ಕಾಲು ನಿಲ್ಲುವಂತಿರಲಿಲ್ಲ.

ಡೀಸೆಲ್ ಮುಳ್ಳು ತಳ ಹಿಡಿದಿತ್ತು. ಸುಮ್ಮನೆ ಯಾಕೆ ಉರಿಸುವುದು ಎಂದು ಹನಮಂತಪ್ಪ ಎಂಜಿನ್ ಬಂದ್ ಮಾಡಲು ಕೀಲಿಗೆ ಕೈ ಹಾಕಿದ. ಸಂಗನಬಸವ ಅವನ ಕೈಯನ್ನು ತಡೆದ.

ಹದಿನೈದು ದಿನಗಳ ಹಿಂದೆ ಈ ಜೀಪಿನ ಸ್ಟಾರ್ಟರ್ ಮೋಟಾರಿಗೆ ಅವನೇ ಬಂದೋಬಸ್ತು ಮಾಡಿದ್ದ. ಎರೆಮಣ್ಣಿನ ಕೆಸರು ಒಳಗೆ ಹೋಗಿ ಮೋಟಾರು ಹಿಡಿದುಕೊಳ್ಳುತ್ತದೆ ಎಂಬ ದೂರಿಗೆ, ಹಳೆಯ ಟ್ಯೂಬು ಕತ್ತರಿಸಿ ಸುತ್ತಿ, ಸಂದುಗಳಿಗೆಲ್ಲ ಗಮ್ ಮೆತ್ತಿದ್ದ. ತಳದಲ್ಲೊಂದು ಸಣ್ಣ ತೂತಿತ್ತು. ನೀರು ಬರುವ ದಾರಿ ಇದೇ ಇರಬೇಕೆಂದು ಅದನ್ನೂ ಮುಚ್ಚಿದ್ದ. ಮುಚ್ಚಿದ ಮೇಲೆ ಅನುಮಾನ. ನವಲಗುಂದದ ಸಂಜೆ ಕ್ಲಾಸಿನಲ್ಲಿ ಮಾಸ್ತರು ಆ ತೂತಿನ ಬಗ್ಗೆ ಏನೋ ಹೇಳಿದ್ದರು. ಅದು ನೀರು ಬರುವುದಕ್ಕೋ, ಹೋಗುವುದಕ್ಕೋ? ಮತ್ತೆ ಹೋಗಿ ಕೇಳಲು ನಾಚಿಕೆಯಾಗಿತ್ತು. ಇವತ್ತು ಜೀಪು ಹತ್ತಿದಾಗ ಸ್ಟಾರ್ಟರ್ ನರಳುತ್ತ ತಿರುಗಿದ್ದನ್ನು ಕೇಳಿದ್ದ. ಉತ್ತರ ಅಲ್ಲೇ ಸಿಕ್ಕಿತ್ತು. ಎಲ್ಲಿಂದಲೋ ನುಸುಳಿದ ನೀರು ಹೊರಗೆ ಹೋಗಲಾರದೆ ಒಳಗೇ ನಿಂತಿತ್ತು. ಎಂಜಿನ್ ಒಮ್ಮೆ ನಿಂತರೆ ಮತ್ತೆ ಹೊತ್ತುವುದು ಕಷ್ಟ.

ಅದನ್ನು ಹೇಳಬೇಕಿತ್ತು. ಹೇಳಲಿಲ್ಲ. ಬ್ಯಾಟರಿ ವೀಕ್ ಇದ್ದಂತಿದೆ, ಚಾಲೂ ಇರಲಿ ಎಂದುಬಿಟ್ಟ.

ಹನಮಂತಪ್ಪನಿಗೆ ಅದು ಚುಚ್ಚಿತು. "ಹ್ವಾದ ಅಮಾಸಿಗೆ ಹಾಕಿಸಿದ ಬ್ಯಾಟರಿಲೇ ಅದು. ನಿನ್ನ ಹಲ್ಲಿಗಿಂತ ಗಟ್ಟಿ ಐತಿ. ತೋರಸ್ಲೇನು?" ಎಂದು ಎಂಜಿನ್ ಬಂದ್ ಮಾಡಿಯೇಬಿಟ್ಟ. ಹಿಂದೆ ಹೆಂಗಸರು ನಕ್ಕರು. ಅವನು ಮತ್ತೆ ಕೀಲಿ ತಿರುವಿದ.

ಕಟ್ ಎಂದಿತು. ಇನ್ನೊಮ್ಮೆ ತಿರುವಿದ. ಕಟ್.

ಎಂಜಿನ್ನಿನ ಸದ್ದು ಹೋದ ಮೇಲೆ ಎರಡೂ ಕಡೆಯ ನೀರಿನ ಸದ್ದೇ ಉಳಿಯಿತು. ದಿಬ್ಬದ ಕೆಸರಿನಲ್ಲಿ ನೂಕಿ ಚಾಲೂ ಮಾಡುವಂತೆಯೂ ಇರಲಿಲ್ಲ. ಹನಮಂತಪ್ಪ ಬ್ಯಾಟರಿ ಮಾರಿದವನ ವಂಶವನ್ನೆಲ್ಲ ಬಯ್ಯುತ್ತ ಕೆಳಗಿಳಿದು ಬ್ಯಾಟರಿಯ ವಾಯರುಗಳನ್ನು ಅಲುಗಾಡಿಸತೊಡಗಿದ. ಸುಮ್ಮನಿದ್ದರೆ ತಪ್ಪು ಬ್ಯಾಟರಿಯ ಮೇಲೇ ಉಳಿಯುತ್ತದೆಂದು ಸಂಗನಬಸವನಿಗೆ ಹೊಳೆಯಿತು. ಆದರೆ ಬ್ಯಾಟರಿ ಕೆದರುತ್ತ ಕೂತರೆ ನೀರು ಇಳಿಯುವ ಗಳಿಗೆ ಕೈಬಿಟ್ಟು ಹೋಗುತ್ತದೆ.

"ಬ್ಯಾಟರಿದು ತಪ್ಪಿಲ್ರಿ ಕಾಕಾ," ಎಂದ. "ಸ್ಟಾರ್ಟರಿನ ತಳದ ತೂತು ನಾನ ಮುಚ್ಚೀನ್ರಿ. ನೀರು ಒಳಗ ಕುಂತೈತಿ."

"ಮತ್ತ ಬ್ಯಾಟರಿ ವೀಕ್ ಅಂದಿ?"

"ಸುಳ್ಳ ಹೇಳೀನ್ರಿ."

ಹನಮಂತಪ್ಪನ ಕೈ ಮೇಲೆದ್ದಿತು. ಹೆಂಗಸರ ಗುಂಪಿನ ಹಿರಿಯಳು ಲಕ್ಷ್ಮವ್ವ ಹಿಂದಿನಿಂದ ಇಳಿದು ಇಬ್ಬರ ನಡುವೆ ಬಂದಳು. "ಹೊಡ್ಯೂದು ಆಚಿ ದಂಡಿಗೆ ಹೋದ ಮ್ಯಾಲ ಹೊಡಿಯಂತಿ. ತಮ್ಮಾ, ನೀ ಮೊದಲ ಅದನ್ನ ಬಿಚ್ಚು."

ಬ್ಯಾಟರಿಯ ವಾಯರು ತೆಗೆದು ಸಂಗನಬಸವ ಜೀಪಿನಡಿ ತೂರಿದ. ಕೆಸರು ಬೆನ್ನನ್ನು ಹಿಡಿದುಕೊಂಡಿತು. ಒಂದು ಬೋಲ್ಟು ಬೇಗ ಬಂತು, ಇನ್ನೊಂದು ಹಟ ಹಿಡಿಯಿತು. ಮೋಟಾರು ಕೈಗೆ ಬಂದಾಗ ತೂತಿನ ಗಮ್ ಕಿತ್ತ. ಒಂದು ಚಹಾ ಕಪ್ಪಿನಷ್ಟು ತುಕ್ಕಿನ ಕೆಂಪು ನೀರು ಮೊಣಕೈಗುಂಟ ಇಳಿಯಿತು. ಮೋಟಾರು ಬಿಚ್ಚಿ, ಹೆಂಗಸರು ರೊಟ್ಟಿ ಕಟ್ಟಿಕೊಂಡು ಬಂದಿದ್ದ ಬಟ್ಟೆಯಿಂದ ಒರೆಸಿದ. ಒರೆಸಿದರೆ ಸಾಲದು, ಒಳಗಿನ ತೇವ ಹೋಗಬೇಕು. ಎಂಜಿನ್ನಿನ ಹೊಗೆ ಕೊಳವೆ ಇನ್ನೂ ಸುಡುತ್ತಿತ್ತು. ಬಿಡಿಭಾಗಗಳನ್ನು ಅದಕ್ಕೆ ಆನಿಸಿ ಇಟ್ಟ.

ಎಷ್ಟು ಹೊತ್ತು ಇಡಬೇಕು? ಹೆಚ್ಚಾದರೆ ತಂತಿ ಸುಡುತ್ತದೆ, ಕಡಿಮೆಯಾದರೆ ತೇವ ಉಳಿಯುತ್ತದೆ. ಅವನು ಇಟ್ಟು ತೆಗೆದು, ತೆಗೆದು ಇಟ್ಟು ಮಾಡುತ್ತಿದ್ದ. ಲಕ್ಷ್ಮವ್ವ ಅವನನ್ನು ಬಾಜು ಸರಿಸಿ ತಾನೇ ಕೂತಳು. ಸೆರಗಿನಿಂದ ಹಿಡಿದು ಹೊರಳಿಸುತ್ತ, ಬೆರಳು ಮುಟ್ಟಿಸಿ ನೋಡುತ್ತ, ಹಂಚಿನ ಮೇಲಿನ ರೊಟ್ಟಿಯ ಹಾಗೆ ನೋಡಿಕೊಂಡಳು. ಸಾಕು ಎಂದು ಅವಳು ಹೇಳುವವರೆಗೆ ಅವನು ಕಾದ.

ಅಷ್ಟರಲ್ಲಿ ಮುಂದಿನ ಸೀಳಿನಲ್ಲಿ ನೀರು ಇಳಿದು ಜಾಲಿಕಂಟಿಯ ಬುಡ ಕಂಡಿತ್ತು. ಆದರೆ ಹಿಂದಿನ ಸೀಳಿನಲ್ಲಿ ಹೊಸ ನೀರಿನ ನೊರೆ, ಕಸಕಡ್ಡಿ ತೇಲಿ ಬರತೊಡಗಿದ್ದವು. ಸಂಗನಬಸವ ಮೋಟಾರು ಕೂಡಿಸಿ, ವಾಯರು ಜೋಡಿಸಿ, ಕೆಸರಿನಲ್ಲೇ ಮೊಣಕಾಲೂರಿ ಕೂತ. ಹನಮಂತಪ್ಪ ಕೀಲಿ ತಿರುವಿದರೆ ಮೊದಲು ಕಟ್ ಎಂದಿತು. ಎರಡನೆಯ ಸಲ ಮೋಟಾರು ನಿಧಾನವಾಗಿ ಉರುಳಿತು, ಎಂಜಿನ್ ಹಿಡಿಯಿತು. ಸಂಗನಬಸವ ಹತ್ತುವ ಮೊದಲೇ ಜೀಪು ಹೊರಟಿತ್ತು. ಹಿಂದೆ ಜೋತುಬಿದ್ದುಕೊಂಡೇ ನೀರು ದಾಟಿದ.

ಆಚೆ ದಂಡೆಯಲ್ಲಿ ಹನಮಂತಪ್ಪ ಎಂಜಿನ್ ಬಂದ್ ಮಾಡಲಿಲ್ಲ, ಹೊಡೆಯಲೂ ಇಲ್ಲ. ತಿರುಗಿ ಒಂದೇ ಮಾತು ಕೇಳಿದ. "ಮತ್ಯಾರ ಗಾಡಿದು ಮುಚ್ಚೀದಿ?"

ಸಂಗನಬಸವ ಫೋನು ತೆಗೆದ. ಕೆಸರಿನ ಬೆರಳಿಗೆ ಅದು ಒಮ್ಮೆಲೇ ತೆರೆಯಲಿಲ್ಲ. ಅವನೇ ಇದೇ ರೀತಿ ತೂತು ಮುಚ್ಚಿಕೊಟ್ಟಿದ್ದ ಹೊಳೆಯಪ್ಪನ ಟ್ರ್ಯಾಕ್ಟರ್ ಬೆಳಗ್ಗೆಯೇ ಹಳ್ಳದಾಚೆಯ ಹೊಲಕ್ಕೆ ಹೋಗಿತ್ತು. ಎರಡು ಸಲ ರಿಂಗಾದ ಮೇಲೆ ಹೊಳೆಯಪ್ಪ ಎತ್ತಿದ.

"ಎಂಜಿನ್ ಚಾಲೂ ಐತೇನ್ರಿ?" ಎಂದು ಸಂಗನಬಸವ ಕೇಳಿದ.

"ಇಲ್ಲೋ, ಕೆಳಗಿನ ದಾಟಿನಾಗ ಹಳ್ಳದ ನಡುವ ದಿಬ್ಬದ ಮ್ಯಾಲ ಅದೀನಿ. ನೀರು ಇಳೀಲಿ ಅಂತ ಈಗಷ್ಟ ಬಂದ್ ಮಾಡಿದೆ. ಯಾಕ?"

"ಕಾಕಾ, ನನ್ನ ಕಡಿಂದ ಒಂದು ತಪ್ಪಾಗೇತ್ರಿ," ಎಂದು ಅವನು ಶುರು ಮಾಡಿದ.