ಬಾಲವಿದ್ದ ಗರಗಸ, ಬಾಲವಿಲ್ಲದ ಗರಗಸ

ನನಗೆ ಅರವತ್ತು ಹಲ್ಲು, ಒಂದೇ ಬಾಲ. ಹಲ್ಲು ಸವೆದರೆ ಬದಲಾಯಿಸುತ್ತಾರೆ, ಬಾಲ ಮಾತ್ರ ಹುಟ್ಟಿದಾಗಿನದೇ. ಅದನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದರೆ ನನಗೆ ಜೀವ ಬರುತ್ತದೆ, ಕಿತ್ತರೆ ಹೋಗುತ್ತದೆ. ಮಾರುವ ಅಂಗಡಿಯವರು ನನ್ನನ್ನು ಮೈಟರ್ ಸಾ ಅನ್ನುತ್ತಾರೆ. ಬಡಗಿಗಳ ಬಾಯಲ್ಲಿ ನಾನು ಬರೀ ಕಟಿಂಗ್ ಮಷಿನ್. ಮರವನ್ನು ನೇರವಾಗಿಯೂ ಕೊಯ್ಯುತ್ತೇನೆ, ಓರೆಯಾಗಿಯೂ ಕೊಯ್ಯುತ್ತೇನೆ. ನಿಮ್ಮ ಮನೆಯ ಕಿಟಕಿಯ ಮೂಲೆಗಳಲ್ಲಿ ಪಟ್ಟಿಗಳು ಕೂದಲೂ ತೂರದಂತೆ ಕೂಡಿಕೊಂಡಿದ್ದರೆ ಅದು ನನ್ನಂಥವರ ಕೆಲಸವೆಂದು ತಿಳಿಯಿರಿ.

ನಾನು ಹುಟ್ಟಿದ್ದು ಕಾರ್ಖಾನೆಯಲ್ಲಿ. ಕರಗಿದ ಅಲ್ಯೂಮಿನಿಯಂ ಎರಕ ಹೊಯ್ದು ನನಗೆ ಮೈ ಮಾಡಿದರು, ತಾಮ್ರದ ತಂತಿ ಸುತ್ತಿ ಹೊಟ್ಟೆಯೊಳಗೆ ಮೋಟಾರು ಕೂರಿಸಿದರು. ಕೊನೆಗೆ ಕೈಗವಸು ಹಾಕಿದ ಹೆಂಗಸೊಬ್ಬಳು ಗುಂಡಿ ಒತ್ತಿದಳು. ನಾನು ಕಿರುಚಿದೆ. ಆಕೆ ಖುಷಿಯಿಂದ ತಲೆಯಾಡಿಸಿ ನನ್ನನ್ನು ಡಬ್ಬಿಗೆ ಹಾಕಿದಳು. ಕಿರುಚದಿದ್ದರೆ ಪಕ್ಕಕ್ಕಿಡುತ್ತಿದ್ದಳಂತೆ.

ಹುಬ್ಬಳ್ಳಿಯ ಅಂಗಡಿಯಿಂದ ನನ್ನನ್ನು ಕೊಂಡವನು ಬೆಟಗೇರಿಯ ಮಾನಪ್ಪ ಬಡಿಗೇರ. ಬಸ್ಸಿನಲ್ಲಿ ಗದಗಿನ ತನಕ ನಾನು ಅವನ ಹೆಂಡತಿ ಕಸ್ತೂರೆವ್ವನ ತೊಡೆಯ ಮೇಲೆ ಕೂತು ಬಂದೆ. ನಾನು ಹಗುರ ಅಲ್ಲ. ಆಕೆ ದಾರಿಯುದ್ದಕ್ಕೂ ಕಾಲು ಜೋಮು ಹಿಡಿಯಿತೆಂದು ಗೊಣಗಿದಳು, ಆದರೂ ಕೆಳಗಿಡಲಿಲ್ಲ.

ಮೊದಮೊದಲು ಮಾನಪ್ಪ ನನ್ನ ಹಿಡಿಕೆ ಹಿಡಿಯುತ್ತಿದ್ದ, ಕಸ್ತೂರೆವ್ವ ಮರದ ಇನ್ನೊಂದು ತುದಿ ಹಿಡಿಯುತ್ತಿದ್ದಳು. ಆಮೇಲೆ ಅದೇ ಅದಲುಬದಲಾಯಿತು. ಅವಳ ಕೈ ಅಷ್ಟು ಚೊಕ್ಕ. ಪೆನ್ಸಿಲಿನ ಗೆರೆಯ ಮೇಲೆ ನನ್ನನ್ನು ಇಳಿಸುವಾಗ ಆಕೆ ಉಸಿರು ಬಿಗಿಹಿಡಿಯುತ್ತಿದ್ದಳು, ಹಲ್ಲು ಮರ ಮುಟ್ಟಿದ ಮೇಲೆ ಬಿಡುತ್ತಿದ್ದಳು. ಮಾನಪ್ಪ ಬಂದವರಿಗೆಲ್ಲ ಹೇಳುತ್ತಿದ್ದ:

"ನಮ್ಮಾಕಿ ಕೊಯ್ದ್ರ ಹಾಕಿದ ಗೆರಿನೂ ಅರ್ಧಾ ಉಳೀತೈತಿ ನೋಡ್ರಿ."

ಕೇಳಿದವರು ತಮಾಷೆಯೆಂದು ನಗುತ್ತಿದ್ದರು. ಅವನು ತಮಾಷೆ ಮಾಡುತ್ತಿರಲಿಲ್ಲ, ಆಕೆ ಕೊಯ್ಯುತ್ತಿದ್ದುದು ಪೆನ್ಸಿಲ್ ಗೆರೆಯ ನಟ್ಟನಡುವೆಯೇ.

ಆ ಮಾನಪ್ಪ ಕಾಮಾಲೆಯಾಗಿ ಹೋಗಿಬಿಟ್ಟ. ಗಟ್ಟಿಮುಟ್ಟಾದ ಮನುಷ್ಯ, ನೋಡನೋಡುತ್ತ ಹಳದಿಯಾಗಿ ಹಾಸಿಗೆ ಹಿಡಿದು ಇಲ್ಲವಾದ. ನನ್ನ ಮೇಲೆ ಗೋಣಿತಾಟು ಹೊದಿಸಿದರು. ತಾಟಿನ ಕೆಳಗೆ ಕೂತೇ ಮನೆಯ ಹಿರಿಯರ ಮಾತು ಕೇಳಿಸಿಕೊಂಡೆ. ಹೆಂಗಸು ಬಡಗಿ ಅಂಗಡಿ ನಡೆಸುವುದೆಂದರೇನು, ಬಾಗಿಲು ಮಾಡಿಸುವವರು ಗಂಡನಿಲ್ಲದವಳ ಹತ್ತಿರ ಯಾಕೆ ಬರುತ್ತಾರೆ ಎಂಬುದು ಅವರ ವಾದ. ಕೊನೆಗೆ ಒಂದು ತೀರ್ಮಾನವಾಯಿತು. ಮಾನಪ್ಪನ ತಮ್ಮ ಈರಣ್ಣ ಅಂಗಡಿಯ ಮುಂದೆ ನಿಲ್ಲಬೇಕು. ಒಂದು ವರ್ಷ ನೋಡುವುದು. ನೆಟ್ಟಗೆ ನಡೆದರೆ ಅಂಗಡಿ ಕಸ್ತೂರೆವ್ವನದು, ಹೆಸರು ಕೆಟ್ಟರೆ ಈರಣ್ಣನದು.

ಮರುದಿನ ಕಸ್ತೂರೆವ್ವ ಬಂದು ತಾಟು ಎಳೆದು ನನ್ನ ಬಾಲವನ್ನು ಪ್ಲಗ್ಗಿಗೆ ಹಾಕಿದಳು. ಅಂಗಡಿ ಬಿಟ್ಟರೆ ಆಕೆಗೆ ತನ್ನದೆನ್ನುವುದು ಏನೂ ಇರಲಿಲ್ಲ. ಅದು ನನಗೂ ಗೊತ್ತು, ಆಕೆಗೂ ಗೊತ್ತು.

ಈರಣ್ಣ ಕೆಟ್ಟವನಲ್ಲ. ಸೆಂಟ್ರಿಂಗ್ ಕೆಲಸ ಮಾಡಿಕೊಂಡಿದ್ದವನು, ಬಾಯಿ ದೊಡ್ಡದು, ಮೀಸೆ ಇನ್ನೂ ದೊಡ್ಡದು. ಕೊಯ್ಯುವುದು, ಕೂಡುವ ತುದಿಗಳಲ್ಲಿ ಕಸಿ ಕೆತ್ತುವುದು, ಜೋಡಿಸುವುದು ಎಲ್ಲ ಕಸ್ತೂರೆವ್ವ. ಗಿರಾಕಿಗಳ ಜೊತೆ ಮಾತಾಡುವುದು, ಕಟ್ಟುವ ಮನೆಗೆ ಹೋಗಿ ತಲಬಾಗಿಲಿನ ಅಳತೆ ತರುವುದು, ಬಾಗಿಲು ನಿಲ್ಲಿಸುವ ಪೂಜೆಯಲ್ಲಿ ಬಡಗಿಯಾಗಿ ನಿಲ್ಲುವುದು ಈರಣ್ಣ. ತಲಬಾಗಿಲಿನ ಜಾಗಕ್ಕೆ ವಿಧವೆ ಹೋಗಬಾರದೆಂದು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಆಕೆಯೇ ತಿಳಿದುಕೊಂಡು ಹಿಂದೆ ಉಳಿದಳು.

ಕಿಟಕಿಗಳಿಗೆ ಅಂಥ ಶಾಸ್ತ್ರವಿಲ್ಲವಲ್ಲ, ಹಾಗಾಗಿ ಆ ಕೆಲಸಕ್ಕೆ ಆಕೆ ಸೈಟಿಗೆ ಹೋಗುತ್ತಿದ್ದಳು. ಆಗ ನನ್ನನ್ನು ಹೊರಬೇಕಿತ್ತು. ಇಬ್ಬರು ಹಿಡಿದು ಮೆಟ್ಟಿಲು ಹತ್ತಿಸಬೇಕು, ಮಾರುಗಟ್ಟಲೆ ವೈರು ಎಳೆಯಬೇಕು, ಪಕ್ಕದ ಮನೆಯವರನ್ನು ಕರೆಂಟು ಕೇಳಬೇಕು. ನನ್ನ ಬಾಲಕ್ಕೆ ಕಾಲು ಸಿಕ್ಕಿ ಗೋಡೆ ಕಟ್ಟುವ ಗೌಂಡಿಗಳು ಎಡವಿ ನನಗೇ ಬೈಯುತ್ತಿದ್ದರು.

ಒಮ್ಮೆ ನನ್ನ ಮೋಟಾರಿನೊಳಗಿನ ಕಾರ್ಬನ್ ಬ್ರಶ್ ಸವೆಯಿತು. ಕಸ್ತೂರೆವ್ವ ನನ್ನನ್ನು ಹುಬ್ಬಳ್ಳಿಗೆ ಒಯ್ದಳು. ಅಂಗಡಿಯ ಮಾಲಕ ನನ್ನನ್ನು ಕೌಂಟರಿನ ಮೇಲಿಟ್ಟುಕೊಂಡು, ಪಕ್ಕದಲ್ಲೇ ಇನ್ನೊಬ್ಬನನ್ನು ತಂದು ಕೂರಿಸಿದ. ನನ್ನದೇ ಜಾತಿ, ಆದರೆ ಸಣಕಲ. ಬಾಲವಿಲ್ಲ, ಬೆನ್ನಿಗೆ ಒಂದು ಬ್ಯಾಟರಿ.

"ಅಕ್ಕಾರ, ಹಳೇದನ್ನ ಇಲ್ಲೇ ಕೊಟ್ಟು ಇದನ್ನ ಒಯ್ರಿ. ಹಗುರ ಐತಿ, ಹೆಣ್ಮಕ್ಕಳಿಗೆ ಭಾಳ ಚಲೋ."

"ಹೆಣ್ಮಕ್ಕಳಿಗೆ ಚಲೋ ಏನು ಅಂತ ನಾ ಕೇಳಲಿಲ್ರಿ. ಹೊನ್ನಿಗೆ ಚಲೋ ಏನು, ಅದನ್ನ ಹೇಳ್ರಿ," ಎನ್ನುತ್ತ ಕಸ್ತೂರೆವ್ವ ಕೈಚೀಲದಿಂದ ಗಟ್ಟಿ ಹೊನ್ನೆ ಮರದ ಒಂದು ಉದ್ದನೆಯ ತುಂಡನ್ನು ತೆಗೆದು ಕೌಂಟರಿನ ಮೇಲೆ ಇಟ್ಟಳು. ಮಾಲಕನ ಮುಖ ನೋಡಬೇಕಿತ್ತು.

ಹೊಸಬ ತೆಳು ಪಟ್ಟಿಗಳನ್ನು ಬೆಣ್ಣೆಯ ಹಾಗೆ ಕೊಯ್ದ. ಹೊನ್ನೆಯನ್ನೂ ಕೊಯ್ದ, ಸುಳ್ಳು ಹೇಳಬಾರದು. ಆದರೆ ತುಂಡಿನ ಮೇಲೆ ತುಂಡು ಕೊಯ್ಯುತ್ತ ಹೋದಂತೆ ಬೆನ್ನು ಬಿಸಿಯಾಯಿತು, ಬ್ಯಾಟರಿಯ ಪುಟ್ಟ ದೀಪಗಳು ಒಂದೊಂದಾಗಿ ಆರಿದವು. ಕಸ್ತೂರೆವ್ವ ಬ್ಯಾಟರಿಯ ಮೇಲೆ ಅಂಗೈ ಇಟ್ಟು, ಜ್ವರ ಬಂದ ಕೂಸಿನ ಹಣೆ ಮುಟ್ಟಿದವಳ ಹಾಗೆ ನೋಡಿದಳು.

"ನಾಕು ತುಂಡಿಗೆ ಅಡ್ಡಿಯಿಲ್ಲ. ದಿನಾ ಹೊನ್ನಿ ಕೊಯ್ಯಾಕ ಇದಾಗೂದಿಲ್ಲ. ಬ್ಯಾಟರಿ ಎಷ್ಟು ಬರ್ತಾವ್ರಿ?"

"ಎರಡು ಅಕ್ಕಾರ. ಒಂದು ಹಚ್ಚಿದ್ರ ಒಂದು ಚಾರ್ಜಿಗೆ."

"ಹಂಗಾದ್ರ ಇದನ್ನೂ ಕೊಡ್ರಿ. ಹಳೇದನ್ನ ಮಾತ್ರ ಕೇಳಬ್ಯಾಡ್ರಿ, ಬ್ರಶ್ ಹಾಕಿ ಕೊಡ್ರಿ."

ನನಗೆ ಹೋದ ಜೀವ ಬಂದಂತಾಯಿತು. ಬಸ್ಸಿನಲ್ಲಿ ಕೂತಾಗ ಆಕೆ ನನ್ನ ಬೆನ್ನು ತಟ್ಟಿ ತನ್ನಷ್ಟಕ್ಕೆ ಅಂದಳು, "ಅಂಗಡ್ಯಾಗ ನೀನು, ಸೈಟಿನ್ಯಾಗ ಅದು." ಆಕೆಯ ಮಟ್ಟಿಗೆ ಅಲ್ಲಿಗೆ ಚರ್ಚೆ ಮುಗಿಯಿತು. ಈರಣ್ಣ ಮಾತ್ರ ಅತ್ತಿಗೆ ತಂದ ಹೊಸಬನನ್ನು ಕಂಡು ಹೊಟ್ಟೆ ಹಿಡಿದುಕೊಂಡು ನಕ್ಕ.

"ವೈನಿ, ಏನಿದು, ಆಟಗಿ ಸಾಮಾನು? ಇದನ್ನ ಹಿಡಕೊಂಡು ನಾ ಹೆಂಗ ಮಂದ್ಯಾಗ ನಿಂದರ್ಲಿ?"

ಖರೆ ಹೇಳಬೇಕೆಂದರೆ ಅಂದು ನಾನೂ ಅವನ ಕಡೆಯೇ.

ಅದೇ ವರ್ಷ ಬಸ್ ಡ್ರೈವರ್ ಅಡವೆಪ್ಪನ ಮನೆಯ ತಲಬಾಗಿಲಿನ ಕೆಲಸ ಬಂತು. ಊರ ಹೊರಗೆ ಹೊಸ ಪ್ಲಾಟಿನಲ್ಲಿ ಕಟ್ಟುವ ಮನೆ. ತಲಬಾಗಿಲೆಂದರೆ ನಮ್ಮ ಕಡೆ ಅದಕ್ಕೊಂದು ಆಯ ಇರುತ್ತದೆ. ಬಾಗಿಲಿನ ಒಳಗಿನ ಎತ್ತರ ಅಗಲ ಲೆಕ್ಕ ಹಾಕಿ ಪೂಜೆ ಮಾಡಿಸುವ ಅಯ್ನೋರು ಶುಭದ ಅಳತೆ ಕೊಡುತ್ತಾರೆ, ಒಂದು ಇಂಚು ಹೆಚ್ಚುಕಡಿಮೆಯಾದರೂ ಆಯ ತಪ್ಪಿತೆಂದು ಬಾಗಿಲು ನಿಲ್ಲಿಸುವುದಿಲ್ಲ. ಎಂದಿನಂತೆ ಈರಣ್ಣ ಹೋಗಿ ಅಳತೆ ತಂದ. ಚೌಕಟ್ಟಿನ ಕಾಲುಗಳು ನಿಲ್ಲಲು ಹೊಸ್ತಿಲ ಕಲ್ಲಿನಲ್ಲಿ ಇಂಚು ಆಳದ ಕುಳಿ ಇವೆಯೇ ಎಂದು ಕಸ್ತೂರೆವ್ವ ಕೇಳಿದಳು. ಇವೆ ಅಂದ. ಕುಳಿಯಲ್ಲಿ ಇಳಿಯಲೆಂದು ಆಕೆ ಎರಡೂ ಕಾಲುಗಳಿಗೆ ಒಂದೊಂದು ಇಂಚು ಹೆಚ್ಚು ಬಿಟ್ಟು ಕೊಯ್ದಳು. ಒಳ್ಳೆಯ ಹೊನ್ನೆ. ಕೊಯ್ದವನು ನಾನೇ.

ಪೂಜೆಯ ದಿನ ಈರಣ್ಣ ಚೌಕಟ್ಟಿನ ಎರಡು ಕಾಲು, ತಲೆಹಲಗೆ ಎಲ್ಲ ಟಂಟಮ್ ಗಾಡಿಗೆ ಹೇರಿ, ಜೊತೆಗೆ ನನ್ನನ್ನೂ ಹತ್ತಿಸಿದ. ಬೇಕಾಗಿ ಅಲ್ಲ, ನಾಲ್ಕು ಜನ ನೋಡಲೆಂದು. ಕಸ್ತೂರೆವ್ವ ಹೊಸಬನನ್ನು ಸ್ಕೂಟಿಯ ಮುಂದಿಟ್ಟುಕೊಂಡು ಹಿಂದಿನಿಂದ ಬಂದಳು. ಪೂಜೆ ಮುಗಿದ ಮೇಲೆ ಅಲ್ಲಿಯೇ ಕಿಟಕಿ ಕೆಲಸವಿತ್ತು. ಅಲ್ಲಿಯವರೆಗೆ ಆಕೆ ರಸ್ತೆಯಾಚೆ ಬೇವಿನ ಮರದ ಕೆಳಗೆ ನಿಂತಳು.

ಚೌಕಟ್ಟು ಜೋಡಿಸಿ ಹೊಸ್ತಿಲ ಮೇಲೆ ಎತ್ತಿ ಹಿಡಿದರು. ಅಯ್ನೋರು ಟೇಪು ಹಿಡಿದು ನೋಡಿದರು, ಮತ್ತೊಮ್ಮೆ ನೋಡಿದರು.

"ಅಡವೆಪ್ಪಾ, ಒಂದು ಇಂಚು ಹೆಚ್ಚೈತಿ. ಆಯ ತಪ್ಪೇತಿ."

ಹೊಸ್ತಿಲ ಕಲ್ಲು ಕನ್ನಡಿಯಂತೆ ನುಣ್ಣಗಿತ್ತು. ಅದರಲ್ಲಿ ಕುಳಿಯೇ ಇರಲಿಲ್ಲ. ಈಗ ಕುಳಿ ತೋಡಲು ಹೋದರೆ ಕಲ್ಲು ಸೀಳುತ್ತದೆ ಅಂದರು ಗೌಂಡಿಗಳು. ಮುಹೂರ್ತ ಓಡುತ್ತಿತ್ತು, ತಪ್ಪಿದರೆ ಆಷಾಢ ಕಳೆಯುವ ತನಕ ಕಾಯಬೇಕು. ಜನ ಗುಸುಗುಸು ಶುರುಮಾಡಿದರು. ಹೆಂಗಸಿನ ಕೈಯ ಕೆಲಸ ಎಂದು ಯಾರೋ ಅಂದದ್ದು ನನಗೆ ಕೇಳಿಸಿತು. ಹಿರಿಯರ ಕಿವಿಗೆ ಇದು ಬಿದ್ದರೆ ಅಂಗಡಿಯ ಕಥೆ ಮುಗಿದಂತೆಯೇ.

ಈರಣ್ಣ ಚೌಕಟ್ಟು ಜೋಡಿಸಿದ ಗೂಟ ಬಿಡಿಸಿ ಒಂದು ಕಾಲನ್ನು ತಂದು ನನ್ನ ಮೇಲೆ ಮಲಗಿಸಿದ. ದೂರದ ಪಂಪ್‌ಸೆಟ್ಟಿನ ಮನೆಯಿಂದ ವೈರಿಗೆ ವೈರು ಗಂಟು ಹಾಕಿ ಎಳೆತಂದರು. ಗುಂಡಿ ಒತ್ತಿದ. ಅಷ್ಟು ಉದ್ದದ ತೆಳು ವೈರಿನಲ್ಲಿ ನನಗೆ ಬಂದ ಕರೆಂಟು ಹಸಿದವನಿಗೆ ಗಂಜಿಯ ತಿಳಿ ಕೊಟ್ಟಂತೆ. ಗುರ್ರೆಂದು ಸುತ್ತಿದೆ, ಹೊನ್ನೆಗೆ ಹಲ್ಲಿಟ್ಟೆ, ಒಂದಿಷ್ಟು ಇಳಿದು ಅಲ್ಲೇ ನಿಂತುಬಿಟ್ಟೆ. ಹೊಟ್ಟೆಯಿಂದ ಸುಟ್ಟ ವಾಸನೆ ಬಂತು. ಇನ್ನೊಮ್ಮೆ ಒತ್ತಿದ. ಆಗಲಿಲ್ಲ. ಅಷ್ಟು ಜನರ ನಡುವೆ ಅಷ್ಟು ದೊಡ್ಡ ಮೈ ಇಟ್ಟುಕೊಂಡು ಹಾಗೆ ಕೂತಿದ್ದೆನಲ್ಲ, ನಾಚಿಕೆಯಿಂದ ಸತ್ತೆ. ಗೌಂಡಿಗಳ ಹತ್ತಿರ ಸೆಂಟ್ರಿಂಗ್ ಹಲಗೆ ಕತ್ತರಿಸುವ ಮೊಂಡು ಗರಗಸವೊಂದಿತ್ತು. ಅದರಿಂದ ಹೊನ್ನೆ ಕೊಯ್ಯುವಷ್ಟರಲ್ಲಿ ಆಷಾಢವೇ ಬರುತ್ತಿತ್ತು.

ಆಗ ಇಟ್ಟಿಗೆ ರಾಶಿಯ ಕಡೆಯಿಂದ ಒಂದು ದನಿ ಬಂತು. ಅಡವೆಪ್ಪನ ತಾಯಿ ಸಂಕವ್ವ. ಪೂಜೆಯಿಂದ ದೂರ, ಇಟ್ಟಿಗೆಯ ಮೇಲೆ ಒಬ್ಬಳೇ ಕೂತಿದ್ದಳು.

"ಈರಣ್ಣಾ, ಈ ಬಾಗಲಾ ಮಾಡಿದಾವ ನೀ ಏನು?"

ಈರಣ್ಣ ಮೀಸೆ ಮುಟ್ಟಿಕೊಂಡ. ಬಾಯಿ ದೊಡ್ಡದಿದ್ದರೂ ಸುಳ್ಳು ಬರಲಿಲ್ಲ.

"ಅಲ್ಲಬೇ ಯವ್ವಾ. ನಮ್ಮ ವೈನಿ."

"ಎಲ್ಲಿದ್ದಾಳ? ಮತ್ತ ಕರಿ ಆಕಿನ್ನ."

"ಯವ್ವಾ, ಶುಭ ಕಾರ್ಯದಾಗ ಆಕಿ ಹೆಂಗ..." ಅಂದ ಅಡವೆಪ್ಪ.

"ನಾನೂ ಗಂಡ ಸತ್ತಾಕಿನ. ಅದಕ್ಕಲ್ಲೇನು ನನ್ನ ಮನಿ ಬಾಗಲದ ಪೂಜಿಗೆ ನಾ ಇಲ್ಲಿ ಇಟ್ಟಂಗಿ ಮ್ಯಾಲ ಕುಂತೇನಿ? ನಿನ್ನ ಸಾಕೂ ಮುಂದ ನನ್ನ ಕೈ ಅಶುಭ ಆಗಲಿಲ್ಲ. ಈಗ ಬಾಗಲಾ ಮುಟ್ಟಿದ್ರ ಆಗತೈತೇನೋ?"

ಅಡವೆಪ್ಪನ ಮುಖ ಕೆಂಪಾಯಿತು. ಯಾರನ್ನೂ ಕಳಿಸದೆ ತಾನೇ ರಸ್ತೆ ದಾಟಿ ಬೇವಿನ ಮರದ ಹತ್ತಿರ ಹೋದ. "ಅಕ್ಕಾರ, ಬರ್ರಿ," ಅಂದ.

ಕಸ್ತೂರೆವ್ವ ಬಂದವಳೇ ಮೊದಲು ಹೊಸ್ತಿಲ ಕಲ್ಲಿನ ಮೇಲೆ ಅಂಗೈ ಆಡಿಸಿದಳು.

"ಕುಳಿ ಇಲ್ಲಲ್ಲೋ ಈರಣ್ಣಾ."

"ನಾ ಬಂದಾಗ ಕಲ್ಲ ಬಂದಿದ್ದಿಲ್ಲ ವೈನಿ. ಎಲ್ಲಾ ಹೊಸ್ತಿಲಕ್ಕೂ ಇರ್ತಾವಲ್ಲ, ಇದಕ್ಕೂ ಇರ್ತಾವ ಅಂತ ಹೇಳಿಬಿಟ್ನಿ."

ಆಕೆ ತಾನೇ ಟೇಪು ಹಿಡಿದು ಅಳೆದು, ಎರಡೂ ಕಾಲಿಗೆ ಹೊಸದಾಗಿ ಗೆರೆ ಎಳೆದಳು. ನನ್ನನ್ನು ಎತ್ತಿ ಪಕ್ಕಕ್ಕೆ ಮಣ್ಣಿನ ಮೇಲಿಟ್ಟು, ಹೊಸಬನನ್ನು ನನ್ನ ಜಾಗದಲ್ಲಿ ಕೂರಿಸಿದಳು. "ಹಿಡಿ ಆ ಕಡಿ," ಅಂದಳು. ಈರಣ್ಣ ಮರದ ಇನ್ನೊಂದು ತುದಿ ಹಿಡಿದ. ಆಕೆ ಉಸಿರು ಬಿಗಿಹಿಡಿದಳು. ಸಣಕಲ ಒಂದೇ ದನಿಯಲ್ಲಿ ಹೊನ್ನೆಯೊಳಗೆ ಇಳಿದು ಆಚೆ ಬಂದ. ಆಮೇಲೆ ಇನ್ನೊಂದು ಕಾಲು. ಎರಡೇ ಕೊಯ್ತ. ಯಾವ ದೀಪವೂ ಆರಲಿಲ್ಲ.

ಅಯ್ನೋರು ಅಳೆದು "ಆಯ ಕೂಡ್ತು" ಅಂದರು. ಗೂಟ ಜಡಿದು ಬಾಗಿಲು ನಿಲ್ಲಿಸಿದರು, ಆರತಿ ಆಯಿತು.

ಬಾಗಿಲು ನಿಂತ ಮೇಲೆ ಮನೆಯವರು ಬಡಗಿಯ ತಲೆಗೆ ರುಮಾಲು ಸುತ್ತುವುದು ಪದ್ಧತಿ. ಅಡವೆಪ್ಪ ತಟ್ಟೆಯಲ್ಲಿ ಕೇಸರಿ ರುಮಾಲು ತಂದ. ಈರಣ್ಣನ ತಲೆ ರೂಢಿಯಂತೆ ಅರ್ಧ ಬಾಗಿತು. ಬಾಗಿದ್ದು ಹಾಗೇ ನಿಂತಿತು. ಆಮೇಲೆ ಅವನು ಒಂದು ಹೆಜ್ಜೆ ಹಿಂದೆ ಸರಿದ. ಸಂಕವ್ವ ಇಟ್ಟಿಗೆಯಿಂದ ಎದ್ದು ಬಂದು ತಟ್ಟೆಯಿಂದ ರುಮಾಲು ಎತ್ತಿಕೊಂಡಳು.

"ತಲಿ ಬಗ್ಗಸವ್ವಾ."

ಕಸ್ತೂರೆವ್ವ ತಲೆ ಬಗ್ಗಿಸಿದಳು. ತಲೆಯ ಮೇಲೆ ಹೊದ್ದ ಸೆರಗಿನ ಮೇಲೆಯೇ ಮುದುಕಿ ಸುತ್ತಿದಳು. ಗಂಡಸರ ತಲೆಗೆ ಸುತ್ತುವುದನ್ನು ನೋಡಿದ್ದಳೇ ಹೊರತು ತಾನು ಎಂದೂ ಸುತ್ತಿರಲಿಲ್ಲ, ಆದ್ದರಿಂದ ಓರೆಯಾಯಿತು. ಕಸ್ತೂರೆವ್ವನ ಕಣ್ಣಿಂದ ನೀರು ಧಾರಾಕಾರ ಇಳಿಯಿತು, ಒರೆಸಿಕೊಳ್ಳಲಿಲ್ಲ. ನನಗೆ ಸಂತೋಷವಾಯಿತು. ಸಣಕಲನ ಮೇಲೆ ಹೊಟ್ಟೆಕಿಚ್ಚೂ ಆಯಿತು. ಎರಡೂ ಖರೆ.

ವರ್ಷ ತುಂಬಿದಾಗ ಹಿರಿಯರು ಮತ್ತೆ ಕೂಡಿದರು. ಅವರು ಬಾಯಿ ತೆರೆಯುವ ಮೊದಲೇ ಈರಣ್ಣ ಅಂಗಡಿ ವೈನೀದು ಅಂದುಬಿಟ್ಟ. ಯಾಕೆಂದು ಕೇಳುವಷ್ಟರಲ್ಲಿ ಚಹ ಕುಡಿದು ಎದ್ದು ಹೋದ.

ಆಮೇಲೆ ಬಹಳ ವರ್ಷ ಕಳೆದವು. ನನ್ನನ್ನು ಅಂಗಡಿಯ ಮೇಜಿಗೆ ಬೋಲ್ಟು ಹಾಕಿ ಕೂರಿಸಿದ್ದಾರೆ. ಮೋಟಾರು ಒಮ್ಮೆ ಸುಟ್ಟು ಮತ್ತೆ ತಂತಿ ಸುತ್ತಿಸಿದ್ದಾಯಿತು, ಬೇರಿಂಗು ಈಗ ಮುದುಕರ ಮಂಡಿಯಂತೆ ಸದ್ದು ಮಾಡುತ್ತದೆ. ಸಣಕಲನಿಗೂ ವಯಸ್ಸಾಯಿತು, ಬ್ಯಾಟರಿ ಬದಲಾಯಿಸಬೇಕಾಯಿತು. ಅವನು ಊರೂರು ತಿರುಗಿ ಬರುತ್ತಾನೆ. ನಾನು ಗೋಡೆಯ ಪಕ್ಕ ಕೂತು ದಿನವಿಡೀ ಹೊನ್ನೆ, ಸಾಗವಾನಿ ಕೊಯ್ಯುತ್ತೇನೆ. ನಮ್ಮಿಬ್ಬರಲ್ಲಿ ಯಾರು ಹೆಚ್ಚೆಂದು ಯಾರಾದರೂ ಕೇಳಿದರೆ ಮೊದಲು ನನಗೆ ಸಿಟ್ಟು ಬರುತ್ತಿತ್ತು. ಈಗ ಬರುವುದಿಲ್ಲ. ಪ್ಲಗ್ಗು ಇದ್ದಲ್ಲಿ ನಾನು, ಇಲ್ಲದಲ್ಲಿ ಅವನು. ಅಷ್ಟು ತಿಳಿಯಲು ನನಗೆ ಒಂದು ಸಲ ಮಣ್ಣಿನ ಮೇಲೆ ಕೂರಬೇಕಾಯಿತು.

ಮೊನ್ನೆ ಒಬ್ಬರು ತಲಬಾಗಿಲು ಮಾಡಿಸಲು ಬಂದರು. ಹೊಸಬರು, ಈರಣ್ಣನ ಮೀಸೆ ನೋಡಿ ಅವನಿಗೇ ಕೈಮುಗಿದರು.

"ಬಡಿಗೇರ್ರ, ಅಳತಿಗೆ ಯಾವಾಗ ಬರ್ತೀರಿ?"

ಈರಣ್ಣ ಮರದ ಪುಡಿ ಗುಡಿಸುವುದನ್ನು ನಿಲ್ಲಿಸಿದ. ಕಸಬರಿಗೆ ಕೈಯಲ್ಲೇ ಇತ್ತು.

"ನಾ ಮರಾ ಹಿಡಿಯಾವ್ರೀ," ಅಂದ. "ಬಡಿಗೇರ್ರು ಒಳಗದಾರ. ಅಳತಿಗೆ ಅವರ ಬರ್ತಾರ."