ಹುಲ್ಲಿಗೆ ಬೆಳಗಿನ ನೀರು

"ದಿನಾ ನೀರು ಹಾಕ್ತೀನಮ್ಮ, ಒಂದು ದಿನಾನೂ ತಪ್ಪಿಸಿಲ್ಲ. ಆದರೂ ಎಲೆಯೆಲ್ಲ ಹಳದಿಗೆ ತಿರುಗಿ ಜೋಲುಬಿದ್ದಿದೆ," ಎಂದು ಫೋನಿನ ಆ ಕಡೆಯ ಹೆಂಗಸು ಅಳುವ ಧ್ವನಿಯಲ್ಲಿ ಹೇಳಿದಳು.

"ಗಿಡ ಮನೆಯೊಳಗಿದೆಯಾ?"

"ಒಳಗೇ. ಟಿವಿ ಪಕ್ಕ."

"ಕುಂಡದ ಮಣ್ಣಿಗೆ ಬೆರಳು ಇಳಿಸಿ ನೋಡಿ."

"ಅಯ್ಯೋ, ಪಚಪಚ ಅಂತಿದೆ."

"ಬೇರು ಕೊಳೀತಾ ಇದೆ. ನೀರು ನಿಲ್ಲಿಸಿ. ಮಣ್ಣು ಒಣಗೋವರೆಗೂ ಒಂದು ಹನಿ ಹಾಕಬೇಡಿ."

"ಪಾಪ ಅಲ್ವಾ? ಬಾಯಾರಲ್ವಾ ಅದಕ್ಕೆ?"

ಗಿಡದಕ್ಕ ಫೋನನ್ನು ಕಿವಿಯಿಂದ ದೂರ ಹಿಡಿದು ಹಲ್ಲು ಕಚ್ಚಿಕೊಂಡಳು. ಬೆಳಿಗ್ಗೆ ಒಂದೇ ಚೊಂಬು ನೀರಿನಲ್ಲಿ ಅವಳೂ ಅತ್ತಿಗೆಯೂ ಮುಖ ತೊಳೆದುಕೊಂಡಿದ್ದರು. ಆ ನೀರನ್ನೂ ಚೆಲ್ಲದೆ ಕಕ್ಕಸಿಗೆ ಎತ್ತಿಟ್ಟಿದ್ದರು. ಇಲ್ಲಿ ಟಿವಿ ಪಕ್ಕದ ಕುಂಡವೊಂದು ನೀರು ಕುಡಿದು ಕುಡಿದು ಸಾಯುತ್ತಿತ್ತು.

"ಬಾಯಾರಲ್ಲ ಬಿಡಿ. ಬಾಯಾರೋರು ಬೇರೆ ಇದ್ದಾರೆ," ಎಂದಳು.

ನರ್ಸರಿಯ ಗೊಬ್ಬರದ ಕೋಣೆಯ ಮೂಲೆಯಲ್ಲಿ ಅವಳ ಮೇಜು. ಗಿಡ ಕೊಂಡವರು, ಕೊಳ್ಳಬಹುದಾದವರು, ಕೊಂಡು ಕೊಂದವರು ಎಲ್ಲರೂ ಅವಳಿಗೆ ಫೋನ್ ಮಾಡುತ್ತಿದ್ದರು. ನಿಂಬೆ ಯಾಕೆ ಕಾಯಿ ಬಿಡುತ್ತಿಲ್ಲ? ಗೊಬ್ಬರ ಹೆಚ್ಚಾಗಿ ಬರೀ ಎಲೆ ಬಿಡುತ್ತಿದೆ, ನಿಲ್ಲಿಸಿ. ಹುಲ್ಲಿನಲ್ಲಿ ಅಲ್ಲಲ್ಲಿ ದುಂಡಗೆ ಸುಟ್ಟ ಕಲೆ ಯಾಕೆ? ನಿಮ್ಮ ನಾಯಿಯನ್ನು ಕೇಳಿ. ತೋಟಗಾರಿಕೆ ಡಿಪ್ಲೊಮಾ ಓದಿದವಳು, ಮಾತು ಬಲ್ಲವಳು. ಅವಳ ಧ್ವನಿ ಚೆನ್ನಾಗಿದೆ ಎಂದು ಕಂಡುಕೊಂಡ ನರ್ಸರಿಯ ಯಜಮಾನ, ಬೇಸಿಗೆಯ ಶುರುವಿನಲ್ಲಿ ರೇಡಿಯೋದವರಿಗೆ ದುಡ್ಡು ಕಟ್ಟಿ, ಶನಿವಾರ ಶನಿವಾರ ಅವಳನ್ನು ಮೈಕಿನ ಮುಂದೆ ಕೂರಿಸಿದ. 'ಗಿಡದಕ್ಕ' ಎಂಬ ಹೆಸರು ಅಲ್ಲಿಂದ ಬಂತು. ಗಲ್ಲಿಯ ಹೆಂಗಸರೂ ಹಾಗೇ ಕರೆಯತೊಡಗಿದರು, ಮೊದಮೊದಲು ಹೆಮ್ಮೆಯಿಂದ.

ಈಗ ಆ ಗಲ್ಲಿಯಲ್ಲಿ ನಲ್ಲಿ ತಿರುಗಿಸಿದರೆ ಗಾಳಿ ಬುಸ್ ಎನ್ನುತ್ತಿತ್ತು. ನೀರು ಬರುತ್ತಿದ್ದುದೇ ಬೆಳಗಿನ ಜಾವ ಸ್ವಲ್ಪ ಹೊತ್ತು. ಅದೂ ಸಣ್ಣಗಾಗಿ, ದಾರವಾಗಿ, ಕೊನೆಗೆ ನಿಂತೇಹೋಗಿತ್ತು. ಅಂಗಡಿ ಬೀದಿಯಿಂದ ಬೇಡಿ ಹೊತ್ತು ತಂದ ಒಂದೆರಡು ಕೊಡವೇ ಗತಿ.

ಅತ್ತಿಗೆ ಒಂದು ವಸತಿಗೃಹದ ಹಾಸಿಗೆ ಚಾದರಗಳನ್ನು ಮನೆಯಲ್ಲೇ ಒಗೆದು ಇಸ್ತ್ರಿ ಮಾಡಿ ಕೊಡುತ್ತಿದ್ದಳು. ಅಣ್ಣ ಲಾರಿಯ ಮೇಲೆ ಹೋದವನು ಬಂದಾಗ ಬಂದ. ಮನೆ ನಡೆಯುತ್ತಿದ್ದದ್ದು ಈ ಇಬ್ಬರು ಹೆಂಗಸರ ಮೇಲೆ. ಅಂದು ಸಂಜೆ ಗಿಡದಕ್ಕ ಮನೆಗೆ ಬಂದಾಗ ಬಾಗಿಲಲ್ಲೇ ಚಾದರಗಳ ಗಂಟು ಬಿದ್ದಿತ್ತು.

"ವಾಪಸ್ ಕಳಿಸಿದಾರೆ," ಎಂದಳು ಅತ್ತಿಗೆ. "ಸೋಪಿನ ವಾಸನೆ ಬರ್ತಿದೆಯಂತೆ. ಬರದೆ ಏನು? ಒಂದೇ ಬಕೆಟ್ಟಿನಲ್ಲಿ ಎಲ್ಲಾನೂ ಜಾಲಿಸಿದ್ರೆ ಗಂಧ ಬರುತ್ತಾ? ಇನ್ನೊಂದು ಸಲ ಹಿಂಗಾದ್ರೆ ಬೇರೆಯವರನ್ನ ನೋಡ್ಕೊತೀವಿ ಅಂದ ಆ ಮ್ಯಾನೇಜರ್. ಮುಖದ ಮೇಲೆ ಅಂದ ಕಣೇ."

ಅಷ್ಟರಲ್ಲಿ ನೀರುಗಂಟಿ ಸೈಕಲ್ ತಳ್ಳಿಕೊಂಡು ಗಲ್ಲಿಗೆ ಬಂದ. ಟ್ಯಾಂಕಿನ ವಾಲ್ವು ತಿರುಗಿಸಿ ನೀರು ಬಿಡುವುದು ಅವನ ಕೆಲಸ. ಹೆಂಗಸರು ಅವನನ್ನು ಮುತ್ತಿಕೊಂಡರು. ಒಬ್ಬಳು ಸೈಕಲ್ಲಿನ ಹ್ಯಾಂಡಲ್ ಹಿಡಿದಳು, ಇನ್ನೊಬ್ಬಳು ಖಾಲಿ ಕೊಡವನ್ನು ಅವನ ಮುಖಕ್ಕೇ ಹಿಡಿದಳು.

"ಯಾರಿಗೆ ಮಾರ್ಕೊಂಡೆ ನಮ್ಮ ನೀರು?"

"ನಿಮ್ಮಪ್ಪನಾಣೆ, ಯಾರಿಗೂ ಮಾರಿಲ್ಲ! ಬಿಡೋ ಹೊತ್ತಿಗೆ ಬಿಡ್ತಾ ಇದೀನಿ. ನಂಬಿಕೆ ಇಲ್ದಿದ್ರೆ ಬೆಳಿಗ್ಗೆ ಬಂದು ನೋಡಿ."

"ನಾನು ಬರ್ತೀನಿ," ಎಂದಳು ಗಿಡದಕ್ಕ.

ಕತ್ತಲು ಇನ್ನೂ ಕರಗುತ್ತಿದ್ದಾಗ ಅವಳು ಅವನ ಹಿಂದೆ ಗುಡ್ಡ ಹತ್ತಿದಳು. ತುದಿಯಲ್ಲಿ ಟ್ಯಾಂಕು. ಅಲ್ಲಿಂದ ಇಳಿಯುವುದು ಒಂದೇ ಪೈಪು. ಮೊದಲು ಸಿಗುವುದು ಮೇಲಿನ ಬಡಾವಣೆ, ಆಮೇಲೆ ಅಂಗಡಿ ಬೀದಿ, ಎಲ್ಲರೂ ಕುಡಿದು ಕೈ ತೊಳೆದ ಮೇಲೆ ಅವಳ ಗಲ್ಲಿ. ನೀರುಗಂಟಿ ವಾಲ್ವಿಗೆ ಕಬ್ಬಿಣದ ಕೀಲಿಕೈ ಸಿಕ್ಕಿಸಿ ಎರಡೂ ಕೈಯಲ್ಲಿ ತಿರುಗಿಸಿದ. ನೆಲದೊಳಗೆ ನೀರು ಓಡಿದ ಸದ್ದು ಕೇಳಿಸಿತು.

"ಈಗ ನೋಡು," ಎಂದ.

ಮೊದಲು ಒಂದು ಅಂಗಳದಲ್ಲಿ ಚಿಕ್ ಚಿಕ್ ಚಿಕ್ ಎಂದಿತು. ಆಮೇಲೆ ಅದರ ಪಕ್ಕದಲ್ಲಿ. ಆಮೇಲೆ ರಸ್ತೆಯ ಆ ಬದಿ, ಈ ಬದಿ, ಮೇಲೆ, ಕೆಳಗೆ, ಯಾರೋ ಸೀಟಿ ಊದಿದ ಹಾಗೆ ಇಡೀ ಬಡಾವಣೆಯ ಹುಲ್ಲುಹಾಸುಗಳ ಮೇಲೆ ಸ್ಪ್ರಿಂಕ್ಲರುಗಳು ಒಟ್ಟಿಗೇ ಎದ್ದು ಕುಣಿಯತೊಡಗಿದವು. ನೀರು ಹುಲ್ಲಿನ ಮೇಲೆ ಬಿತ್ತು, ಗೋಡೆಯ ಮೇಲೆ ಬಿತ್ತು, ಕಾರಿನ ಮೇಲೆ ಬಿತ್ತು, ಚರಂಡಿಗೆ ಹರಿಯಿತು. ಗಿಡದಕ್ಕನ ಮುಖಕ್ಕೂ ಒಂದಿಷ್ಟು ಹಾರಿತು. ಅವಳು ಒರೆಸಿಕೊಳ್ಳಲಿಲ್ಲ.

ಒಂದು ಗೇಟಿನ ಹಿಂದೆ ಚಡ್ಡಿ ತೊಟ್ಟ ಮುದುಕರೊಬ್ಬರು ಸೊಂಟದ ಮೇಲೆ ಕೈಯಿಟ್ಟು ತಮ್ಮ ಹುಲ್ಲನ್ನು ನೋಡುತ್ತಿದ್ದರು.

"ಏನ್ ಸಾರ್, ಎಲ್ಲರೂ ಒಂದೇ ಹೊತ್ತಿಗೆ?" ಎಂದು ಕೇಳಿದಳು.

"ಮತ್ತೇನಮ್ಮ! ಮೊದಲು ಒಬ್ಬರು ಮಧ್ಯಾಹ್ನ, ಒಬ್ಬರು ಸಂಜೆ, ಅರ್ಧಕ್ಕರ್ಧ ಜನ ಹಾಕ್ತಾನೇ ಇರಲಿಲ್ಲ. ರೇಡಿಯೋದಲ್ಲಿ ಗಿಡದಕ್ಕ ಹೇಳಿದ ಮೇಲೆ ನೋಡಿ ಶಿಸ್ತು ಬಂದಿದ್ದು. ಸೂರ್ಯ ಹುಟ್ಟೋ ಮುಂಚೆ, ಬೇರಿಗೆ ಇಳಿಯೋ ಹಾಗೆ, ತುಂಬಾ ಹೊತ್ತು. ಇಡೀ ಬಡಾವಣೆ ಅವಳ ಮಾತು ಕೇಳುತ್ತೆ." ಅಷ್ಟು ಹೇಳಿ ಹುಬ್ಬು ಗಂಟಿಕ್ಕಿದರು. "ನಿಮ್ಮ ಧ್ವನಿ ಎಲ್ಲೋ ಕೇಳಿದ ಹಾಗಿದೆಯಲ್ಲ?"

ಅವಳ ಮೈಯೆಲ್ಲ ಉರಿದುಹೋಯಿತು. ತಾನು ಹೇಳಿದ್ದರಲ್ಲಿ ಒಂದು ಅಕ್ಷರ ಸುಳ್ಳಿರಲಿಲ್ಲ. ಮಧ್ಯಾಹ್ನದ ನೀರು ಬಿಸಿಲಿಗೆ ಆವಿಯಾಗುತ್ತದೆ, ರಾತ್ರಿಯ ಒದ್ದೆಗೆ ಹುಲ್ಲು ಬೂಸಲು ಹಿಡಿಯುತ್ತದೆ, ಬೆಳಗಿನ ಜಾವವೇ ಸರಿ. ಅಷ್ಟು ಸರಿಯಾದ ಮಾತೇ ತನ್ನ ಮನೆಯ ನಲ್ಲಿಯ ಕತ್ತು ಹಿಸುಕಿತ್ತು. ಯಾಕೆಂದರೆ ಪೈಪು ಹಾಕಿದವರು ಹುಲ್ಲನ್ನು ಮೇಲೆ ಇಟ್ಟಿದ್ದರು, ಮನುಷ್ಯರನ್ನು ಕೆಳಗೆ.

"ಸಂಜೆಗೆ ಹಾಕಿ ಅಂತ ಹೇಳಿದ್ರೆ?" ಎಂದು ದಾರಿಯಲ್ಲಿ ನೀರುಗಂಟಿಯನ್ನು ಕೇಳಿದಳು.

"ಸಂಜೆ ಎಳೆದ್ರೆ ರಾತ್ರಿ ಟ್ಯಾಂಕೇ ತುಂಬಲ್ಲ. ಬೆಳಿಗ್ಗೆ ನಾನು ಏನು ಬಿಡಲಿ, ನನ್ನ ಬೆವರಾ? ಹೊತ್ತು ಬದಲಾದ್ರೆ ಸಾಲದು ತಾಯಿ. ಹುಲ್ಲಿಗೆ ಹೋಗೋದೇ ನಿಲ್ಲಬೇಕು."

ನಿಲ್ಲಿಸಬಹುದಿತ್ತು. ಅದೇ ಅವಳನ್ನು ಇನ್ನಷ್ಟು ಕೆರಳಿಸಿದ್ದು. ಬೇರೂರಿದ ಹುಲ್ಲು ಬಿಸಿಲಿಗೆ ಹಳದಿಯಾದರೆ ಸತ್ತಿತೆಂದಲ್ಲ. ಬೇರಿನಲ್ಲಿ ಜೀವ ಹಿಡಿದು ಮಲಗುತ್ತದೆ, ಮಳೆ ಬಿದ್ದರೆ ಏಳುತ್ತದೆ. ಇದನ್ನು ಅವಳು ರೇಡಿಯೋದಲ್ಲಿ ಒಮ್ಮೆಯೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ಅವರು ಕೇಳುತ್ತಿದ್ದದ್ದು ಹಸಿರಾಗಿಡುವುದು ಹೇಗೆ ಎಂದು ಮಾತ್ರ.

ಯಜಮಾನನಿಗೆ ಅಂದೇ ಹೇಳಿದಳು. ಅವನು ಹೊಸದಾಗಿ ಬಂದಿಳಿದ, ಅಂಗಳಕ್ಕೆ ಹಾಸುವ ಹುಲ್ಲಿನ ಸುರುಳಿಗಳನ್ನು ಎಣಿಸುತ್ತಿದ್ದ.

"ಈ ಶನಿವಾರ, ಹುಲ್ಲಿಗೆ ನೀರು ನಿಲ್ಲಿಸಿ ಅಂತ ಹೇಳ್ತೀನಿ ಸಾರ್. ಮಳೆ ಬರೋವರೆಗೆ."

"ತಲೆ ಗಿಲೆ ಕೆಟ್ಟಿದೆಯಾ? ಇಷ್ಟು ಸುರುಳಿ ತಂದಿದೀನಿ, ಅವನ್ನ ನಮ್ಮ ಮಾವನ ಮನೆಗೆ ಹಾಸಲಾ? ಸ್ಪ್ರಿಂಕ್ಲರ್ ಯಾರಿಗೆ ಮಾರ್ಲಿ?"

"ನಮ್ಮ ಗಲ್ಲೀಲಿ ಕುಡಿಯೋಕೆ ನೀರಿಲ್ಲ."

ಅವನು ಎಣಿಕೆ ನಿಲ್ಲಿಸಿದ. ಧ್ವನಿ ಬೆಣ್ಣೆಯಾಯಿತು. "ನೋಡಮ್ಮ, ನೀನು ನಮ್ಮ ಮನೆ ಮಗಳಿದ್ದ ಹಾಗೆ. ನಿಂಗೆ ನೀರು ತಾನೇ ಬೇಕು? ಈ ಬೇಸಿಗೆ ಕಳೆಯೋವರೆಗೆ ನಿನ್ನ ಬಾಗಿಲಿಗೆ ಟ್ಯಾಂಕರ್ ಕಳಿಸ್ತೀನಿ. ನಿನ್ನ ಬಾಗಿಲಿಗೆ ಮಾತ್ರ. ಊರ ಉಸಾಬರಿ ನಿಂಗ್ಯಾಕೆ?"

ಮನೆಮಗಳು! ಗೊಬ್ಬರದ ಕೋಣೆಯಲ್ಲಿ ಕೂರಿಸಿ ಒಂದು ಫ್ಯಾನು ಹಾಕಿಸದವನಿಗೆ ಈಗ ಮಗಳು ಕಂಡಳು.

ಟ್ಯಾಂಕರಿನ ಸುದ್ದಿ ಕೇಳಿ ಅತ್ತಿಗೆಯ ಕಣ್ಣರಳಿತು. "ಬರಲಿ ಬಿಡೇ! ಬೇಡ ಅಂದ್ಯಾ ಮತ್ತೆ?"

"ಇನ್ನೂ ಏನೂ ಅಂದಿಲ್ಲ. ಎದುರು ಮನೆ ಬಾಣಂತಿ ನೋಡ್ತಾ ನಿಂತಿರುವಾಗ ನಾವು ಟ್ಯಾಂಕರ್ ಇಳಿಸ್ಕೊಳ್ಳೋದಾ ಅತ್ತಿಗೆ?"

"ಅವಳಿಗೆ ಎರಡು ಕೊಡ ಕೊಡೋಣ."

"ಅವಳ ಪಕ್ಕದವಳಿಗೆ?"

"ಅವಳಿಗೂ ಒಂದು."

"ಅವಳ ಪಕ್ಕದವಳಿಗೆ?"

"ಲೇ, ನೀನು ನನ್ನ ಬಾಯಿ ಕಟ್ಟಬೇಡ!" ಅತ್ತಿಗೆ ಚಾದರದ ಗಂಟನ್ನು ಕಾಲಿನಿಂದ ಒದ್ದಳು. "ನಿಂಗೇನು, ಕೂತು ಮಾತಾಡೋ ಕೆಲಸ. ನಾಳೆ ಲಾಡ್ಜಿನವನು ಇದೂ ಬೇಡ ಅಂದ್ರೆ ನಾನು ಏನು ಒಗೀಲಿ? ನಿನ್ನ ನ್ಯಾಯಾನಾ?"

ಅತ್ತಿಗೆಯ ಬೆರಳ ಸಂದಿಯ ಚರ್ಮ ಸೋಪಿಗೆ ಒಡೆದು ಕೆಂಪಾಗಿತ್ತು. ತೊಳೆದುಕೊಳ್ಳಲೂ ನೀರಿರಲಿಲ್ಲ.

ಶನಿವಾರ ರೇಡಿಯೋದ ಕೋಣೆಯಲ್ಲಿ ಅವಳು ಮೈಕಿನ ಮುಂದೆ ಕೂತಾಗ ಯಜಮಾನ ಗಾಜಿನ ಆಚೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಮೊದಲ ಕರೆ ಅಂಜೂರದ ಹಣ್ಣು ಹಕ್ಕಿ ತಿನ್ನುವುದರ ಬಗ್ಗೆ. ಬಲೆ ಹೊದಿಸಿ, ತುದಿಯದನ್ನು ಹಕ್ಕಿಗೇ ಬಿಡಿ ಎಂದಳು. ಗಾಜಿನ ಆಚೆ ಅವನು ತಲೆಯಾಡಿಸಿದ. ಎರಡನೆಯ ಕರೆ ಬಂತು.

"ಗಿಡದಕ್ಕಾ, ನಮ್ಮ ಲಾನು ಎಷ್ಟು ನೀರು ಹಾಕಿದ್ರೂ ಹಳದಿಯಾಗ್ತಿದೆ. ಮುಂದಿನ ವಾರ ನಂಟರು ಬರ್ತಾರೆ. ಬೆಳಿಗ್ಗೆ ಜತೆಗೆ ಸಂಜೆನೂ ಹಾಕ್ಲಾ?"

ಮೇಜಿನ ಮೇಲೆ ನೀರಿನ ಲೋಟವಿತ್ತು, ಅವಳು ಮುಟ್ಟಲಿಲ್ಲ.

"ಬೆಳಿಗ್ಗೆನೂ ಹಾಕಬೇಡಿ."

"ಹಾಂ?"

"ನಿಮ್ಮ ಹುಲ್ಲು ಸತ್ತಿಲ್ಲ, ಮಲಗಿದೆ. ಮಳೆ ಬಂದಾಗ ಏಳುತ್ತೆ. ಹೊಸದಾಗಿ ಹಾಸೋದೂ ಬೇಡ, ಕೊಳ್ಳೋದೂ ಬೇಡ."

"ಅಲ್ಲಮ್ಮ, ನಂಟರು ಏನಂತಾರೆ? ನೋಡೋಕೆ ಅಸಹ್ಯ ಅಲ್ವಾ?"

"ಅಸಹ್ಯ ಯಾವುದು ಹೇಳ್ಲಾ?" ಅವಳ ಧ್ವನಿ ಏರಿತು. ಆ ಧ್ವನಿಯನ್ನು ರೇಡಿಯೋದಲ್ಲಿ ಯಾರೂ ಕೇಳಿರಲಿಲ್ಲ. "ನೀವೆಲ್ಲ ಒಟ್ಟಿಗೆ ಸ್ಪ್ರಿಂಕ್ಲರ್ ಬಿಟ್ಟಾಗ ಗುಡ್ಡದ ಕೆಳಗೆ ನಮ್ಮ ನಲ್ಲೀಲಿ ಗಾಳಿ ಬರುತ್ತೆ. ನಮ್ಮ ಎದುರು ಮನೇಲಿ ಬಾಣಂತಿ ಮಗೂನ ಒದ್ದೆ ಬಟ್ಟೇಲಿ ಒರೆಸಿ ಮಲಗಿಸ್ತಿದಾಳೆ. ನಿಮ್ಮ ಹುಲ್ಲು ದಿನಾ ಸ್ನಾನ ಮಾಡುತ್ತೆ! ಬೆಳಗಿನ ಜಾವ ಹಾಕಿ ಅಂತ ಹೇಳಿದ್ದು ನಾನೇ. ನಾನೇ ಹೇಳ್ತಿದೀನಿ ಈಗ, ನಿಲ್ಲಿಸಿ. ನಾಳೆಯಿಂದಲೇ..."

ಅವಳ ಮಾತು ತುಂಡಾಗಿ ಹೆಡ್‌ಫೋನಿನಲ್ಲಿ ಹಾಡು ತುಂಬಿಕೊಂಡಿತು. ಗಾಜಿನ ಆಚೆ ಯಜಮಾನ ಎದ್ದು ನಿಂತು ಯಾರಿಗೋ ಕೈ ಬೀಸುತ್ತಿದ್ದ. ಬಾಗಿಲು ತೆರೆದು ಅವನು ಹೇಳಿದ್ದು ಇಷ್ಟೇ: "ನಾಳೆಯಿಂದ ಬರಬೇಡ. ಟ್ಯಾಂಕರೂ ಇಲ್ಲ, ಗೀಂಕರೂ ಇಲ್ಲ."

"ಹುಲ್ಲು ಹಾಸ್ಕೊಂಡು ಮಲಕ್ಕೊಳ್ಳಿ ಸಾರ್, ಮೆತ್ತಗಿರುತ್ತೆ," ಎಂದು ಅವಳು ಇಳಿದು ಬಂದಳು.

ಮರುದಿನ ಬೆಳಿಗ್ಗೆ ಸ್ಪ್ರಿಂಕ್ಲರುಗಳು ಎಂದಿನ ಹಾಗೇ ಕುಣಿದವು. ನಲ್ಲಿ ಎಂದಿನ ಹಾಗೇ ಬುಸ್ ಎಂದಿತು. ಅವಳ ಮಾತಿಗೆ ಶಿಸ್ತು ಕಲಿತಿದ್ದ ಬಡಾವಣೆ, ಈ ಒಂದು ಮಾತಿಗೆ ಮಾತ್ರ ಕಿವುಡಾಯಿತು. ಅತ್ತಿಗೆ ಹಿಂದಿನ ದಿನದಿಂದ ಅವಳೊಡನೆ ಮಾತು ಬಿಟ್ಟಿದ್ದಳು. ಕೆಲಸ ಹೋಯಿತು, ಟ್ಯಾಂಕರ್ ಹೋಯಿತು. ಸುಮ್ಮನೆ ಕೂತು ಗಂಟನ್ನೇ ದಿಟ್ಟಿಸುತ್ತಿದ್ದವಳು ಸಂಜೆ ಹೊತ್ತಿಗೆ ಬಾಯಿ ಬಿಟ್ಟಳು.

"ಕೇಳ್ದೆ ಕಣೇ ರೇಡಿಯೋ. ಎದುರು ಮನೆಯವಳು ಜೋರಾಗಿ ಹಾಕಿದ್ಲು, ಇಡೀ ಗಲ್ಲಿ ನಿಂತು ಕೇಳಿತು. ಚೆನ್ನಾಗೇ ಬೈದೆ."

"ಏನುಪಯೋಗ? ಹಾಡು ಹಾಕಿದ್ರು."

"ಬಾಯಿಗೆ ಹಾಡು ಹಾಕಬಹುದು." ಅತ್ತಿಗೆ ರವಿಕೆಯ ತೋಳು ಮೇಲಕ್ಕೆ ಮಡಿಸಿದಳು. "ಕೈಗೆ ಏನು ಹಾಕ್ತಾರೆ ನೋಡೋಣ. ನಮ್ಮ ನೀರು ಎಲ್ಲಿ ಬೀಳ್ತಿದೆಯೋ ಅಲ್ಲೇ ಹೋಗಿ ಒಗೀತೀನಿ. ಯಾರ್ಯಾರು ಬರ್ತಾರೆ ಕೇಳು ಹೋಗು."

ಕೇಳಬೇಕಾಗೇ ಇರಲಿಲ್ಲ. ಬೆಳಗಿನ ಜಾವ ಗಲ್ಲಿಯ ಹೆಂಗಸರು ಕೊಡ, ಬಕೆಟ್ಟು, ಬಟ್ಟೆ ಗಂಟು ಹೊತ್ತು ಗುಡ್ಡ ಹತ್ತಿದರು. ನೀರುಗಂಟಿ ಅವರನ್ನು ಕಂಡು, "ನಾನು ನಿಮ್ಮನ್ನ ನೋಡೇ ಇಲ್ಲ," ಎಂದು ಬೆನ್ನು ತಿರುಗಿಸಿ ವಾಲ್ವು ತೆರೆದ.

ಚಡ್ಡಿಯ ಮುದುಕರ ಗೇಟು ತೆರೆದಿತ್ತು. ಅತ್ತಿಗೆ ನೇರ ಒಳಗೆ ನಡೆದು, ಚಿಕ್ ಚಿಕ್ ಎನ್ನುವ ಸ್ಪ್ರಿಂಕ್ಲರಿನ ಬುಡದಲ್ಲಿ ಗಂಟು ಬಿಚ್ಚಿ, ಚಾದರ ಹರಡಿ, ಸೋಪು ಉಜ್ಜತೊಡಗಿದಳು. ಉಳಿದವರು ಹುಲ್ಲಿನ ಮೇಲೆ ಸಾಲಾಗಿ ಕೊಡಗಳನ್ನಿಟ್ಟರು. ಬಾಣಂತಿ ಮಗುವಿನ ಬಟ್ಟೆಗಳನ್ನು ಬಕೆಟ್ಟಿಗೆ ಸುರಿದಳು. ಹಸಿರು ಹಾಸಿನ ಮೇಲೆ ಬಿಳಿ ನೊರೆ ಹರಿಯಿತು.

"ಏಯ್! ಏಯ್! ಏನಿದು? ಯಾರು ನೀವು?" ಮುದುಕರು ಹೊರಗೆ ಓಡಿಬಂದರು.

"ನೀರಿನವರು," ಎಂದಳು ಅತ್ತಿಗೆ, ತಲೆಯೆತ್ತದೆ. "ನಮ್ಮ ನೀರು ಇಲ್ಲಿಗೆ ಬಂದಿತ್ತು. ಹುಡುಕ್ಕೊಂಡು ಬಂದ್ವಿ."

"ಪೊಲೀಸರನ್ನ ಕರೀತೀನಿ!"

"ಕರೀರಿ. ಅವರ ಬಟ್ಟೆನೂ ಒಗೆದುಕೊಡ್ತೀನಿ."

ಮುದುಕರು ಗಿಡದಕ್ಕನನ್ನು ನೋಡಿದರು. ನೊರೆ ಹುಲ್ಲಿನ ಬುಡಕ್ಕೆ ಇಳಿಯುವುದನ್ನು ನೋಡಿದರು. ಕೋಪ ಹೋಗಿ ಮುಖದಲ್ಲಿ ಗಾಬರಿ ಬಂತು. "ಅಮ್ಮಾ... ಸೋಪಿನ ನೀರು ಬಿದ್ರೆ ಹುಲ್ಲಿಗೆ ಏನಾಗುತ್ತೆ?"

"ಬೇರು ಸಮೇತ ಸುಟ್ಟುಹೋಗುತ್ತೆ," ಎಂದಳು ಗಿಡದಕ್ಕ.

ಅವರಿಗೆ ಆಗ ಗುರುತು ಸಿಕ್ಕಿತು. "ನೀವು... ಏನ್ ಮಾಡ್ಬೇಕು ಈಗ?"

"ಶನಿವಾರ ಹೇಳಿದೀನಿ. ನೀವು ನಿಲ್ಲಿಸಿದ್ರೆ ನಾವೂ ನಿಲ್ಲಿಸ್ತೀವಿ. ನಿಲ್ಲಿಸ್ದಿದ್ರೆ ನಾಳೆ ಲಾಡ್ಜಿನ ಪರದೆನೂ ತರ್ತಾರೆ ಅತ್ತಿಗೆ."

ಅವರು ಗೊಣಗಿದರು. ಪಕ್ಕದ ಮನೆಯ ಕಡೆ ನೋಡಿದರು. ಅಲ್ಲಿಯ ಕಿಟಕಿಯಲ್ಲಿ ದೀಪ ಹೊತ್ತಿತ್ತು, ಮುಖಗಳು ಮೂಡಿದ್ದವು. ಕೊನೆಗೆ ಗೋಡೆಯ ಬಳಿ ಬಗ್ಗಿ ನಲ್ಲಿಯ ಕಿವಿ ಹಿಂಡಿದರು. ಸ್ಪ್ರಿಂಕ್ಲರು ಎರಡು ಸಲ ಉಗುಳಿ ನಿಂತಿತು.

"ಅಯ್ಯೋ, ಇನ್ನೂ ಮೂರು ಚಾದರ ಜಾಲಿಸೋದಿತ್ತಲ್ಲ!" ಎಂದಳು ಅತ್ತಿಗೆ, ಸೋಪು ಮೆತ್ತಿದ ಕೈಯಿಂದ ಸೊಂಟ ಹಿಡಿದು ಏಳುತ್ತ.

ಹೆಂಗಸರು ಅರ್ಧ ತುಂಬಿದ ಕೊಡಗಳನ್ನು ಎತ್ತಿಕೊಂಡರು. ಒದ್ದೆ ಗಂಟು ಭಾರವಾಗಿತ್ತು. ಅದರ ಒಂದು ತುದಿಯನ್ನು ಗಿಡದಕ್ಕ ಹಿಡಿದಳು, ಇನ್ನೊಂದನ್ನು ಅತ್ತಿಗೆ. ಪಕ್ಕದ ಗೇಟಿಗೆ ಒಳಗಿನಿಂದ ಅಗಳಿ ಹಾಕಿದ್ದರು. ಗಿಡದಕ್ಕ ಕರೆಗಂಟೆಯ ಮೇಲೆ ಹೆಬ್ಬೆರಳಿಟ್ಟು ಒತ್ತಿ ಹಿಡಿದಳು.