ದೋಣಿ ಕಟ್ಟಲೊಂದು ಗೋಡೆ

ಆಗಸ್ಟ್ ಮುಗಿಯುತ್ತ ಬಂದಿದ್ದ ಸೆಖೆಗಾಲ, ರಂಜಾನ್ ಉಪವಾಸದ ತಿಂಗಳು, ಇಳಿಮಧ್ಯಾಹ್ನದ ಅಸರ್ ನಮಾಜಿನ ಹೊತ್ತು. ಬ್ರೂಕ್ಲಿನ್ನಿನ ಕಾಲುವೆ ಕೊಲ್ಲಿಗೆ ಸೇರುವ ಅಗಲದ ಜಾಗದಲ್ಲಿ ಲಂಗರು ಬಿಟ್ಟು ನಿಂತಿದ್ದ ದೋಣಿಯ ಮೂತಿಯ ಹತ್ತಿರ ರಝಿಯಾ ಜಾನಮಾಜ್ ಚಾಪೆ ಹಾಸಿದಳು. ಮಕ್ಕಾದ ದಿಕ್ಕಿಗೆ ಒಂದು ಕಟ್ಟಡದ ತಲೆಯ ಮೇಲೆ ಮರದ ನೀರಿನ ತೊಟ್ಟಿ ಕಾಣುತ್ತಿತ್ತು. ಅದನ್ನೇ ಗುರುತಿಟ್ಟುಕೊಂಡು ನಿಂತಳು. ಕೊನೆಯ ಸಲಾಮು ಹೇಳಿ ಕಣ್ಣೆತ್ತಿದರೆ ತೊಟ್ಟಿ ಇಲ್ಲ, ಎದುರಿಗೆ ಗುಜರಿ ಕಬ್ಬಿಣದ ಗುಡ್ಡೆ.

ಕಡಲಿನ ಇಳಿತ ಮುಗಿದು ನೀರು ಏರತೊಡಗಿತ್ತು. ಒಂದೇ ಲಂಗರಿನ ದೋಣಿ ಸದ್ದಿಲ್ಲದೆ ತಿರುಗಿಬಿಟ್ಟಿತ್ತು.

"ರೀ, ನನ್ನ ಯಾವ ಕಡೆಗೆ ತಿರುಗಿಸಿಬಿಟ್ರಿ?"

ಚುಕ್ಕಾಣಿಯ ಬಳಿ ಕೂತಿದ್ದ ಗಂಡ ಇಸಾಕ್ ಪೆಚ್ಚಾದ. ಮಗಳು ನೌರೀನ್ ನಕ್ಕಳು. "ಓ ಮೈ ಗಾಡ್ ಅಮ್ಮಿ, ಯು ಪ್ರೇಡ್ ಟು ದ ಜಂಕ್‌ಯಾರ್ಡ್!"

ಹಿಂದಿನ ಚಳಿಗಾಲ ಇಸಾಕನ ಕೆಲಸ ಹೋಗಿತ್ತು, ವಸಂತದಲ್ಲಿ ಪಿಸ್ಕಾಟವೇ ಎಂಬ ಊರಿನಲ್ಲಿದ್ದ ಮನೆಯೂ ಹೋಯಿತು. ಮಗಳು ಫ್ಲೋರಲ್ ಪಾರ್ಕಿನ ತನ್ನ ಮನೆಯ ಬೇಸ್‌ಮೆಂಟ್ ಇವರಿಬ್ಬರಿಗೆಂದು ತೆರವು ಮಾಡಿಟ್ಟಿದ್ದಳು. ಇವನು ಮಾತ್ರ ಹಳೆಯದೊಂದು ದೋಣಿ ಕೊಂಡು, ಚಳಿ ಬರುವವರೆಗೆ ಇದರಲ್ಲೇ ಊರು ನೋಡೋಣ ಎಂದು ಹಟ ಹಿಡಿದಿದ್ದ. ಈ ಭಾನುವಾರ ನೌರೀನ್ ಬಂದದ್ದೇ ಅಮ್ಮನನ್ನು ಕರೆದೊಯ್ಯಲು. ರಝಿಯಾಳ ಸೂಟ್‌ಕೇಸ್ ದೋಣಿಯ ಕೋಣೆಯ ಬಾಗಿಲಲ್ಲೇ ಸಿದ್ಧವಾಗಿತ್ತು.

ಮನೆಯಲ್ಲಿ ಉರ್ದು, ಮಗಳಿಗೆ ಅರ್ಥವಾಗದಿರಲೆಂದು ಜಗಳಕ್ಕೆ ಮಾತ್ರ ಮೈಸೂರಿನ ಕನ್ನಡ. ರಝಿಯಾ ಈಗ ಕನ್ನಡಕ್ಕೆ ಬಂದಳು. "ಕೇಳಿಸ್ಕೊಳ್ಳಿ. ಹೊತ್ತು ಮುಳುಗಿ ಮಗ್ರಿಬ್ ನಮಾಜ್ ಆಗೋಷ್ಟ್ರಲ್ಲಿ ದೋಣಿ ತಿರುಗದೇ ಇರೋ ಜಾಗ ಹುಡುಕಿ. ಇಲ್ದಿದ್ರೆ ಸಂಜೆ ರೋಜಾ ಬಿಟ್ಟಿದ್ದೇ ನಾನು ಇವಳ ಜೊತೆ ಹೊರಟೆ."

"ಹಿಂದೆ ಮುಂದೆ ಎರಡೂ ಕಡೆ ದಡದ ಗೋಡೆಗೆ ಕಟ್ಟಿದ್ರೆ ತಿರುಗಲ್ಲ ಕಣೇ."

"ಕಟ್ಟಿ ಮತ್ತೆ!"

ಕಾಲುವೆಯೊಳಗೆ ಹೋದರು. ನೀರಿಗೆ ಹಳೇ ಎಣ್ಣೆಯ ವಾಸನೆ. ಮೊದಲ ಗೋಡೆಗೆ ಹಗ್ಗ ಎಸೆಯುವಷ್ಟರಲ್ಲಿ ನಾಯಿಯೊಂದು ಬೊಗಳುತ್ತ ಬಂತು. ಮುಂದಿನ ಗೋಡೆಯಲ್ಲಿ ಹಗ್ಗ ಕಟ್ಟುವ ಕಬ್ಬಿಣದ ಬಳೆ ಕೈಗೆಟುಕಲಿಲ್ಲ. ಸೇತುವೆ ದಾಟಿದ ಮೇಲೆ ಕಲ್ಲು ಕೊಯ್ಯುವ ಅಂಗಳವೊಂದು ಸಿಕ್ಕಿತು. ತಗ್ಗಾದ ಮರದ ಗೋಡೆ, ಎರಡು ಗೂಟ, ಒಂದು ಏಣಿ. ಮೇಲೆ ಕುರ್ಚಿಯಲ್ಲಿ ಕಾವಲುಗಾರ ಕೂತಿದ್ದ.

ಇಸಾಕ್ ಎಂಜಿನ್ ತಗ್ಗಿಸಿದ, ಮತ್ತೆ ಏರಿಸಿದ. ಆಫೀಸಿನವರು ರಟ್ಟಿನ ಡಬ್ಬ ಕೈಗೆ ಕೊಟ್ಟು ಬಾಗಿಲವರೆಗೆ ಬಿಟ್ಟುಬಂದ ದಿನದಿಂದ, ಯಾರನ್ನಾದರೂ ಏನನ್ನಾದರೂ ಕೇಳಬೇಕೆಂದರೆ ಅವನು ಕೇಳದೆಯೇ ಮುಂದೆ ಸರಿದುಬಿಡುತ್ತಿದ್ದ.

"ಯಾಕೆ ಮುಂದೆ ಹೋಗ್ತಿದೀರ?"

"ಬೇಡ ಅಂತಾನೆ ಬಿಡು."

"ಅವನು ಅನ್ನೋಕೆ ಮುಂಚೆ ನೀವೇ ಅಂದ್ಬಿಡಿ!"

ರಝಿಯಾ ದುಪಟ್ಟಾ ಸರಿಮಾಡಿಕೊಂಡು ಎದ್ದು ನಿಂತಳು. ಈ ದೇಶಕ್ಕೆ ಬಂದ ಇಪ್ಪತ್ತು ವರ್ಷದಲ್ಲಿ ಅವಳು ಅಪರಿಚಿತರೊಡನೆ ಇಂಗ್ಲಿಷಿನಲ್ಲಿ ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ಇಸಾಕ್ ಕೇಳಿರಲಿಲ್ಲ. "ಸರ್! ಐ ವಾಂಟ್ ಟು ಪ್ರೇ. ಮೈ ಹಸ್ಬೆಂಡ್ ಕಾಂಟ್ ಕೀಪ್ ದ ಬೋಟ್ ಸ್ಟ್ರೇಟ್!"

ಕಾವಲುಗಾರ ಹೊಟ್ಟೆ ಕುಣಿಸಿ ನಕ್ಕ. ಏಣಿಯ ಬಳಿ ಬಂದು ಹಗ್ಗಕ್ಕೆ ಕೈ ಚಾಚಿದ. ಬೆಳಿಗ್ಗೆ ಲಾರಿ ಬರುವ ಮುಂಚೆ ಬಿಚ್ಚಿಕೊಂಡರೆ ಸಾಕಂತೆ.

ಹೊತ್ತು ಮುಳುಗಿತು. ಉಪವಾಸ ಬಿಡಲು ಖರ್ಜೂರ, ನೀರು, ನೌರೀನ್ ಹಿಲ್‌ಸೈಡ್ ಅವೆನ್ಯೂದಿಂದ ತಂದಿದ್ದ ಸಮೋಸ. ಕಾವಲುಗಾರನಿಗೂ ಒಂದು ತಟ್ಟೆ ಏಣಿ ಹತ್ತಿತು. ರಝಿಯಾ ನಮಾಜಿಗೆ ನಿಂತಾಗ ಇಸಾಕ್ ಹಿಂದೆ ಕೂತು ಹಗ್ಗಗಳನ್ನೇ ನೋಡುತ್ತಿದ್ದ. ತಾನೂ ನಮಾಜು ಓದಬೇಕೆಂಬುದು ಆಮೇಲೆ ನೆನಪಾಯಿತು. ಅವಳು ಸಲಾಮು ಹೇಳಿ ಕಣ್ಣೆತ್ತಿದಳು. ತೊಟ್ಟಿ ಮೊದಲಿಗಿಂತ ದೊಡ್ಡದಾಗಿ, ಎದುರಿಗೇ ಇತ್ತು.

ನೌರೀನ್ ಗಡಿಯಾರ ನೋಡಿಕೊಂಡಳು. "ಅಮ್ಮಿ, ರೆಡಿ?"

ರಝಿಯಾ ಸೂಟ್‌ಕೇಸ್ ಬಿಚ್ಚಿದಳು. ಕುಕ್ಕರ್, ಮಸಾಲೆ ಡಬ್ಬಿ, ಸೀರೆಗಳನ್ನು ಹೊರಗಿಟ್ಟು, ಸ್ವೆಟರುಗಳನ್ನಷ್ಟೇ ಉಳಿಸಿ ಮುಚ್ಚಿ, ಮಗಳಿಗೆ ಉರ್ದುವಿನಲ್ಲಿ ಹೇಳಿದಳು. "ಇವು ನಿನ್ ಹತ್ರ ಇರ್ಲಿ ಬೇಟಾ. ಚಳಿ ಬಂದಾಗ ನಾನೇ ಬರ್ತೀನಿ." ಆಮೇಲೆ ಗಂಡನ ಕಡೆ ತಿರುಗಿ ಕನ್ನಡದಲ್ಲಿ, "ನಾಳೆ ಎಲ್ಲಿ ಕಟ್ತೀರ? ಅಸರ್‌ಗೆ ಮುಂಚೆ ಹೇಳ್ಬೇಕು."

"ನೀನೇ ಕೇಳೋದಾದ್ರೆ ಎಲ್ಲಾದ್ರೂ ಸರಿ."

ನೌರೀನ್ ಏಣಿ ಹತ್ತಿದಳು. ಕಾವಲುಗಾರ ಸೂಟ್‌ಕೇಸನ್ನು ಒಂದೇ ಕೈಯಲ್ಲಿ ಎತ್ತಿಕೊಟ್ಟ. ಆ ಭಾನುವಾರ ಅವಳೊಬ್ಬಳೇ ರೈಲಿಗೆ ಹೋದಳು. ಕೆಳಗೆ ನೀರು ಏರುತ್ತಿತ್ತು. ದೋಣಿ ಗೋಡೆಯ ಪಕ್ಕದಲ್ಲೇ, ಮುಖ ತಿರುಗಿಸದೆ, ಮೆಲ್ಲಗೆ ಮೇಲೇರುತ್ತಿತ್ತು.